ಬಿಸಿಲು ತಗ್ಗಿಸುವ ಬಯಲು ಪ್ರಯೋಗಗಳು: ಎಷ್ಟರಮಟ್ಟಿಗೆ ಅಗತ್ಯ?

ವಾಯುಮಂಡಲದ ಮೇಲ್‌ಸ್ತರದಲ್ಲಿ ಸೂಕ್ಷ್ಮ ಕಣಗಳನ್ನು ಹರಡಿ, ಬಿಸಿಲಿನ ಅಲ್ಪ ಭಾಗವನ್ನು ಹಿಂದಕ್ಕೆ ಪ್ರತಿಫಲಿಸಿ ಭೂಮಿಯನ್ನು ತಂಪಾಗಿಸುವ ವಿಧಾನವನ್ನು ಸೋಲಾರ್ ಜಿಯೋಎಂಜಿನಿಯರಿಂಗ್ ಎನ್ನುತ್ತಾರೆ. ಇದು ರೈತರಿಗೆ ಪರಿಚಿತವಾದ ಮೋಡ ಬಿತ್ತನೆಯಲ್ಲ. ಮೋಡ ಬಿತ್ತನೆಯು ಇರುವ ಮೋಡದಿಂದ ಮಳೆ ಪಡೆಯುವ ಯತ್ನ. ಇದು ಬಿಸಿಲನ್ನೇ ತಗ್ಗಿಸುವ ಯತ್ನ.

ಇದಕ್ಕೆ ನಿಸರ್ಗದಲ್ಲಿಯೇ ನಿದರ್ಶನವಿದೆ. 1991ರಲ್ಲಿ ಫಿಲಿಪೈನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಚಿಮ್ಮಿಸಿದ ಗಂಧಕದ ಅನಿಲದಿಂದ ಮರುವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿಯಿತು. ಜೊತೆಗೆ ಜಗತ್ತಿನ ಭೂಭಾಗಗಳ ಮೇಲಿನ ಮಳೆಯೂ ಕುಗ್ಗಿತು. ಕೃಷಿಕರ ಆತಂಕಕ್ಕೆ ಇದೇ ಕಾರಣ.

ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಸ್ವೀಡನ್‌ನ ಕಿರುನಾದಲ್ಲಿ ಬಲೂನು ಹಾರಿಸಲು ಯೋಜಿಸಿದ್ದರು. ಅದು ಕಣಗಳನ್ನು ಬಿಡದ, ಉಪಕರಣಗಳ ಪರೀಕ್ಷೆ ಮಾತ್ರ. ಆದರೂ ಸಾಮಿ ಮೂಲನಿವಾಸಿಗಳ ವಿರೋಧದಿಂದ ನಿಂತಿತು. 2024ರಲ್ಲಿ ಯೋಜನೆಯೇ ಮುಕ್ತಾಯವಾಯಿತು. 2025ರಲ್ಲಿ ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಏರಿಯಾ ಇಂತಹ ಸಣ್ಣ ಪ್ರಯೋಗಗಳಿಗೆ ಧನಸಹಾಯ ಘೋಷಿಸಿತು.

ಸಣ್ಣ ಪ್ರಯೋಗದಿಂದ ಕಣಗಳು ಹೇಗೆ ಹರಡುತ್ತವೆ, ಹೇಗೆ ಅಂಟಿಕೊಳ್ಳುತ್ತವೆ ಎಂಬುದನ್ನು ತಿಳಿಯಬಹುದು. ಮುಂಗಾರಿನ ಮೇಲಿನ ಪರಿಣಾಮವನ್ನು ತಿಳಿಯಲಾಗದು. ಅದನ್ನು ತಿಳಿಯಲು ವರ್ಷಗಟ್ಟಲೆ, ಭಾರೀ ಪ್ರಮಾಣದಲ್ಲಿ ಕಣ ಹರಡಬೇಕು. ಆಗ ಅದು ಪ್ರಯೋಗವಾಗಿ ಉಳಿಯುವುದಿಲ್ಲ, ಬಳಕೆಯೇ ಆಗುತ್ತದೆ.

ಆದ್ದರಿಂದ ಪ್ರಯೋಗಾಲಯದಲ್ಲಿ ಉತ್ತರ ಸಿಗದ ಪ್ರಶ್ನೆಗೆ, ಸ್ಥಳೀಯರ ಒಪ್ಪಿಗೆ ಪಡೆದು, ಪ್ರಮಾಣವನ್ನು ಮೊದಲೇ ಪ್ರಕಟಿಸಿ, ಫಲಿತಾಂಶವನ್ನು ಬಹಿರಂಗಪಡಿಸುವ ಸಣ್ಣ ಪ್ರಯೋಗಗಳು ಮಾತ್ರ ಸಮರ್ಥನೀಯ. ಅವುಗಳ ಯಶಸ್ಸನ್ನು ಬಳಕೆಗೆ ಅನುಮತಿಯೆಂದು ಭಾವಿಸಬಾರದು. ಮಳೆಯನ್ನೇ ನಂಬಿರುವ ದೇಶಗಳ ರೈತರಿಗೂ ಈ ನಿರ್ಧಾರದಲ್ಲಿ ದನಿಯಿರಬೇಕು. ಅಲ್ಲಿಯವರೆಗೆ ಮಣ್ಣಿನ ತೇವಾಂಶ ಸಂರಕ್ಷಣೆ, ಕೃಷಿಹೊಂಡ ಹಾಗೂ ಪರ್ಯಾಯ ಬೆಳೆ ಯೋಜನೆಗಳೇ ರೈತರ ಕೈಯಲ್ಲಿರುವ ಭರವಸೆಯ ಮಾರ್ಗಗಳು.