ರಾತ್ರಿಗೆ ಎಷ್ಟು ಬೆಳಕು ಬೇಕು?

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿರುವ ಅಜ್ಜ ಅಜ್ಜಿಯರೇ,

ಕಳೆದ ತಿಂಗಳು ಬ್ರಹ್ಮಾವರದ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ತಪ್ಪು ನನ್ನದೇ. ಹೇಗೆಂದು ಹೇಳುತ್ತೇನೆ, ಕೇಳಿ.

ನನ್ನ ಮೊಮ್ಮಗ ಒಂಬತ್ತನೇ ತರಗತಿ. 2025ರಲ್ಲಿ ‘ಮಹಾವತಾರ ನರಸಿಂಹ’ ನೋಡಿ ಬಂದಾಗಿನಿಂದ ಅವನಿಗೆ ಕಂಪ್ಯೂಟರಿನಲ್ಲಿ ಅನಿಮೇಷನ್ ಚಿತ್ರ ಮಾಡುವ ಹುಚ್ಚು. ಬ್ಲೆಂಡರ್ ಎಂಬ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಅವನು 40 ಸೆಕೆಂಡಿನ ಒಂದು ಕಥೆ ಮಾಡತೊಡಗಿದ. ಕಥೆ ಅವನ ಅಜ್ಜಿಯದು. ಆಕೆ ಬೈಂದೂರು ಕಡೆಯ ಹಳ್ಳಿಯವಳು. ಏಳು ವರ್ಷದವಳಿದ್ದಾಗ ರಾತ್ರಿ ಅಪ್ಪಯ್ಯನ ಹಿಂದೆ ಗದ್ದೆಯಂಚಿನಲ್ಲಿ ನಡೆದು ಆಟಕ್ಕೆ ಹೋಗಿದ್ದಳಂತೆ. ಆಟವೆಂದರೆ ಯಕ್ಷಗಾನ, ನಮ್ಮ ಕಡೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪಯ್ಯನ ಕೈಯಲ್ಲಿ ಒಣ ತೆಂಗಿನ ಗರಿಯ ಸೂಡಿ. ಮರು ವರ್ಷವೇ ಅವರು ತೀರಿಕೊಂಡರು. ಮನೆಯಲ್ಲಿ ಅವರದೊಂದು ಫೋಟೊ ಕೂಡ ಇಲ್ಲ. ಆಕೆಗೆ ನೆನಪಿರುವುದು ಆ ರಾತ್ರಿಯ ಮುಖ ಮಾತ್ರ.

“ಅಜ್ಜ, ಕಾಣಿ” ಎಂದು ಮೊಮ್ಮಗ ಪರದೆ ತೋರಿಸಿದ. ನನಗೆ ಕಂಡದ್ದು ಮಸಿ ಬಳಿದ ಗೋಡೆ. “ಎಂತದೂ ಕಾಂತಿಲ್ಲೆ ಮಗಾ, ಬೆಳಕು ಜಾಸ್ತಿ ಮಾಡು” ಎಂದೆ. ಮಾಡಿದ. ಮತ್ತೂ ಮಾಡು ಎಂದೆ. ಆಗ ಅಜ್ಜಿ ಬಂದು ನೋಡಿ, “ಇದೆಂತ, ಮಧ್ಯಾಹ್ನ ಆಟಕ್ಕೆ ಹೋಪುದಾ?” ಎಂದಳು. ಹುಡುಗ ಮುಖ ಊದಿಸಿಕೊಂಡು ಎದ್ದು ಹೋದ.

ಮಕ್ಕಳೇ, ಇದರಲ್ಲೊಂದು ತಮಾಷೆ ಇದೆ. ಕಂಪ್ಯೂಟರಿನೊಳಗಿನ ಲೋಕದಲ್ಲಿ ಸೂರ್ಯನಿಲ್ಲ, ಚಂದ್ರನಿಲ್ಲ. ಒಂದೊಂದು ದೀಪವನ್ನೂ ನಾವೇ ತಂದು ಇಡಬೇಕು. ಏನೂ ಇಡದಿದ್ದರೆ ಬರೀ ಕಪ್ಪು, ಅದು ರಾತ್ರಿಯಲ್ಲ. ಹೊರಗಿನ ರಾತ್ರಿಯಲ್ಲಿ ನಕ್ಷತ್ರದ ಬೆಳಕಾದರೂ ಇರುತ್ತದೆ. ಮರದ ಆಕಾರ, ಗದ್ದೆಯ ಅಂಚು ಮಸುಕಾಗಿ ತಿಳಿಯುತ್ತದೆ. ಹಾಗಾಗಿ ರಾತ್ರಿಯನ್ನು ತೋರಿಸುವುದಕ್ಕೂ ಬೆಳಕೇ ಬೇಕು!

ಮೊಮ್ಮಗ ಮೊದಲು ಇಟ್ಟದ್ದು ನೀಲಿ ಬಣ್ಣದ ಹುಣ್ಣಿಮೆ ಚಂದ್ರ. ನಿಜವಾದ ಬೆಳದಿಂಗಳು ನೀಲಿಯಲ್ಲ, ಅದು ಚಂದ್ರನಿಗೆ ತಾಗಿ ಬಂದ ಬಿಸಿಲು. ನೀಲಿ ಮಾಡುವುದು ನಮ್ಮ ಕಣ್ಣು. ಮಬ್ಬು ಬೆಳಕಿನಲ್ಲಿ ಕಣ್ಣಿಗೆ ನೀಲಿ, ಹಸಿರು ಚೆನ್ನಾಗಿ ತಿಳಿಯುತ್ತವೆ, ಕೆಂಪು ಕಪ್ಪಾಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿದರು. ಸಿನಿಮಾದವರು ರಾತ್ರಿಗೆ ನೀಲಿ ಬಳಿಯುವುದು ಇದಕ್ಕೇ.

ಆದರೆ ಅಜ್ಜಿ ಒಂದೇ ಮಾತಿನಲ್ಲಿ ಆ ಚಂದ್ರನನ್ನು ಕೆಳಗಿಳಿಸಿದಳು. “ಹುಣ್ಣಿಮೆ ಆದ್ರೆ ಸೂಡಿ ಎಂತಕೆ?” ಹೌದಲ್ಲ! ಚಂದ್ರ ಹೋಯಿತು. ಆಕಾಶದಲ್ಲಿ ಒಂದಿಷ್ಟು ನೀಲಿ ಮಾತ್ರ ಉಳಿಯಿತು. ಮಿಕ್ಕ ಬೆಳಕೆಲ್ಲ ಸೂಡಿಯದೇ.

ಹಿಂದಿನ ಆಟದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವಿದ್ಯುತ್ತು ಬರುವ ಮೊದಲು ರಂಗಸ್ಥಳಕ್ಕೆ ದೊಂದಿಯ ಬೆಳಕು, ಆಮೇಲೆ ಗ್ಯಾಸ್‌ಲೈಟು. ದೊಂದಿಯ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು. ವೇಷದ ಕೆಂಪು, ಹಳದಿ, ಹೊನ್ನಿನ ಬಣ್ಣಗಳು ಅದರಲ್ಲಿ ಧಗಧಗ ಹೊಳೆಯುತ್ತವೆ. ರಕ್ಕಸ ಬರುವಾಗ ದೊಂದಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಜ್ವಾಲೆ! ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ.

ಬೆಳಕಿಗೆ ಇನ್ನೊಂದು ನಿಯಮವಿದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗ. ಸೂಡಿ ಹಿಡಿದ ಅಪ್ಪಯ್ಯನ ಮುಖ ಬೆಳಗುತ್ತದೆ. ಎರಡರಷ್ಟು ದೂರದ ಮಗಳಿಗೆ ಸಿಗುವುದು ಕಾಲು ಪಾಲು. ಆಚೆಯ ಗದ್ದೆ ಕತ್ತಲೆ.

“ಅಪ್ಪಯ್ಯನ ಮುಖ ಹ್ಯಾಂಗಿತ್ತ್?” ಎಂದು ಹುಡುಗ ಕೇಳಿದ. ಅಜ್ಜಿ ಬಹಳ ಹೊತ್ತು ಯೋಚಿಸಿದಳು. “ನಾನು ಹಿಂದೆ ಇದ್ದೆ. ತಿರುಗಿ ಕಂಡಾಗ ಒಂದು ಕೆನ್ನೆ, ಒಂದು ಕೆಮಿ ಕಾಂತಿತ್ತ್. ಉಳಿದದ್ದು ಕತ್ತಲಿ.” ಹುಡುಗ ಅಷ್ಟೇ ಮಾಡಿದ. ಕಾಣದ ಅರ್ಧ ಮುಖವನ್ನು ಕತ್ತಲಿಗೇ ಬಿಟ್ಟ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 24 ಚಿತ್ರ, 40 ಸೆಕೆಂಡಿಗೆ 960. ನಮ್ಮ ಹಳೆಯ ಕಂಪ್ಯೂಟರು ಒಂದಕ್ಕೆ 3 ನಿಮಿಷ ತೆಗೆದುಕೊಂಡಿತು. ಒಟ್ಟು 2880 ನಿಮಿಷ, ಅಂದರೆ ಸರಿಯಾಗಿ ಎರಡು ಹಗಲು, ಎರಡು ರಾತ್ರಿ. ಕತ್ತಲೆಯ ಚಿತ್ರದಲ್ಲಿ ಬೆಳಕಿನ ಕಿರಣಗಳು ಕಡಿಮೆ ಸಿಗುವುದರಿಂದ ರವೆ ಚೆಲ್ಲಿದಂತೆ ಚುಕ್ಕಿ ಬೀಳುತ್ತವೆ. ಅದನ್ನು ಹೋಗಲಾಡಿಸಲು ಕಂಪ್ಯೂಟರು ಮತ್ತಷ್ಟು ದುಡಿಯಬೇಕು.

ಮುಗಿಯಿತೆಂದುಕೊಂಡರೆ ಅಜ್ಜಿ ತಲೆ ಆಡಿಸಿದಳು. “ಸೂಡಿ ಬೀಸುದಿಲ್ಯಾ? ಬೀಸದಿದ್ರೆ ನಂದಿ ಹೋತ್ತ್.” ನಿಜ, ಸೂಡಿಯನ್ನು ಬೀಸುತ್ತ ನಡೆದರೇ ಅದು ಉರಿಯುವುದು. ಬೆಳಕು ಆಡಿದರೆ ನೆರಳೂ ಆಡಬೇಕು. 960 ಚಿತ್ರಗಳೂ ಮತ್ತೆ ಮೊದಲಿನಿಂದ! ಹುಡುಗ ಒಂದು ಮಾತೂ ಆಡದೆ ಕೂತ.

ಈ ನಡುವೆ ನಾನು ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಎರಡೂ ಕಣ್ಣಿಗೆ ಪೊರೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತದಂತೆ. ಕಣ್ಣಿನ ಪಾಪೆಯೂ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ. ಹುಡುಗ ಇಟ್ಟ ನೀಲಿ ಅಲ್ಲೇ ಇತ್ತು, ನನಗೆ ಕಾಣಲಿಲ್ಲ ಅಷ್ಟೆ. ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ತೆಗೆದ ದಿನ ಆಕಾಶದ ನೀಲಿ ನೋಡಿ ನಾನೇ ಬೆರಗಾದೆ. ಮನೆಗೆ ಬಂದವನು ಮೊದಲು ಮೊಮ್ಮಗನಲ್ಲಿ “ತಪ್ಪಾಯ್ತು ಮಗಾ” ಎಂದೆ. ಹಿರಿಯರೇ, ರಾತ್ರಿ ದಾರಿ ಮಸುಕಾದರೆ ಬಲ್ಬನ್ನು ಬೈಯಬೇಡಿ, ಕಣ್ಣು ತೋರಿಸಿಕೊಳ್ಳಿ.

ಮೊನ್ನೆ ಸಂಜೆ ಮೂವರೂ ಕೂತು ಚಿತ್ರ ನೋಡಿದೆವು. ಸೂಡಿ ಬೀಸಿತು. ಕೆನ್ನೆ ಬೆಳಗಿತು, ಕೆಮಿ ಬೆಳಗಿತು. ಅಜ್ಜಿ ತನ್ನ ಕಿವಿ ಮುಟ್ಟಿಕೊಂಡು ಮೆಲ್ಲಗೆ ಹೇಳಿದಳು, “ಅಪ್ಪಯ್ಯನ ಕೆಮಿಯಲ್ಲಿ ಒಂಟಿ ಇತ್ತ್. ಈಗ ನೆನಪಾಯ್ತ್.” ಐವತ್ತು ವರ್ಷದ ಸಂಸಾರದಲ್ಲಿ ನಾನು ಈ ಮಾತು ಕೇಳಿದ್ದು ಮೊದಲ ಸಲ.

ಹುಡುಗ ಈಗ ಆ ಒಂಟಿ ಮಾಡುತ್ತಿದ್ದಾನೆ. ಇನ್ನೆರಡು ದಿನ ಕಂಪ್ಯೂಟರು ಯಾರಿಗೂ ಸಿಗುವುದಿಲ್ಲ.

ಮಕ್ಕಳೇ, ನೀವೂ ಒಂದು ಕೆಲಸ ಮಾಡಿ. ಇಂದು ರಾತ್ರಿ ದೀಪ ಆರಿಸಿ ಹಿರಿಯರೊಡನೆ ಅಂಗಳದಲ್ಲಿ ಇಪ್ಪತ್ತು ನಿಮಿಷ ಕೂತಿರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕೆಂಪು ದಾಸವಾಳವನ್ನೂ ಅದರ ಎಲೆಯನ್ನೂ ನೋಡಿ. ಯಾವುದು ಹೆಚ್ಚು ಕಪ್ಪು? ಕಾಯುವ ಇಪ್ಪತ್ತು ನಿಮಿಷದಲ್ಲಿ ಅಜ್ಜಿಯಿಂದ ಒಂದು ರಾತ್ರಿಯ ಕಥೆ ಕೇಳಿಕೊಳ್ಳಿ.