ಆತುರದ ಅನುವಾದಕ

ಗಡಿನಾಡಾದ ನಮ್ಮ ಸಾಂಗ್ಲಿವಾಡಿಯ ಮಕ್ಕಳಿಗೆ ಅನುವಾದವೆಂಬುದು ಹೊಸತಲ್ಲ. ಮನೆಯ ಕನ್ನಡವನ್ನು ಪೇಟೆಯಲ್ಲಿ ಮರಾಠಿಗೆ ತಿರುಗಿಸುವುದು ಅವರ ನಿತ್ಯದ ಕೆಲಸ. ಗಣಕಯಂತ್ರಕ್ಕೂ ಇಂಥ ಅನುವಾದಕನೊಬ್ಬನುಂಟು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಅವನ ಹೆಸರು ಕಂಪೈಲರ್. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಕಂಪೈಲರನ್ನು ಹೊರತಂದಾಗಲೇ, ಅನುವಾದವು ಸರಿಯಾಗಿದ್ದರೆ ಸಾಲದು, ಚುರುಕಾಗಿಯೂ ಇರಬೇಕೆಂಬ ಹೊಣೆ ಅವನ ಹೆಗಲೇರಿತು.

ಪ್ರೋಗ್ರಾಮಿನಲ್ಲಿ 24 × 60 × 60 ಎಂದಿದ್ದರೆ ಕಂಪೈಲರ್ ಮೊದಲೇ ಗುಣಿಸಿ 86,400 ಎಂದು ಬರೆದಿಡುತ್ತದೆ. ಮುಂದೆ ಯಂತ್ರಕ್ಕೆ ಅಷ್ಟು ಶ್ರಮ ಉಳಿಯುತ್ತದೆ. ಆದರೆ 10 ÷ 0 ಎಂದಿದ್ದರೆ? ಹಿಂದೆಮುಂದೆ ನೋಡದೆ ಭಾಗಿಸಹೊರಟರೆ ಕಂಪೈಲರೇ ಕುಸಿದುಬೀಳಬಹುದು. ಆತುರಗಾರನಿಗೆ ಬುದ್ಧಿ ಮಟ್ಟ!

ಇದನ್ನು ತಿದ್ದುವುದು ಹೇಗೆ? ಉತ್ತರ ಸೊನ್ನೆಯೆಂದು ಬರೆದುಬಿಟ್ಟರೆ ಕುಸಿತವೇನೋ ನಿಲ್ಲುತ್ತದೆ, ಆದರೆ ಲೆಕ್ಕ ಸುಳ್ಳಾಗುತ್ತದೆ. ಸರಿಯಾದ ದಾರಿಯೆಂದರೆ, ಭಾಗಿಸುವ ಮುನ್ನ ಭಾಜಕವನ್ನು ನೋಡಿ, ಅದು ಸೊನ್ನೆಯಾಗಿದ್ದರೆ ಆ ಸಾಲನ್ನು ಮುಟ್ಟದೆ ಬಿಡುವುದು. ಪ್ರೋಗ್ರಾಂ ನಡೆಯುವಾಗ ಆ ಸಾಲಿನ ಸರದಿ ಬಾರದೆಯೂ ಇರಬಹುದು. ಅಷ್ಟಕ್ಕೇ ಮುಗಿಯಲಿಲ್ಲ. 32 ಬಿಟ್‌ಗಳಲ್ಲಿ ಹಿಡಿಸುವ ಅತಿ ಚಿಕ್ಕ ಪೂರ್ಣಾಂಕ −2,14,74,83,648. ಅದನ್ನು −1ರಿಂದ ಭಾಗಿಸಿದರೆ ಬರುವ ಧನಸಂಖ್ಯೆ ಅಷ್ಟು ಜಾಗದಲ್ಲಿ ಹಿಡಿಸದು. ಸೊನ್ನೆಯೊಂದನ್ನೇ ತಡೆದವನಿಗೆ ಈ ಎರಡನೆಯ ಗುಂಡಿ ಕಾಣುವುದಿಲ್ಲ.

2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯಲ್ಲಿ ಇಂಥ ದೋಷಕ್ಕೆ ಒಂದು ಪದ್ಧತಿಯುಂಟು. ಸಾವಿರಾರು ಸಾಲುಗಳನ್ನು ಕಡಿಮೆ ಮಾಡುತ್ತ, ದೋಷವನ್ನು ತೋರಿಸುವ ನಾಲ್ಕಾರು ಸಾಲು ಮಾತ್ರ ಉಳಿಯುವಂತೆ ಮಾಡುತ್ತಾರೆ. ತಿದ್ದಿದ ಮೇಲೆ ಅವನ್ನೇ ಪರೀಕ್ಷೆಯಾಗಿ ಕಾಯ್ದಿಡುತ್ತಾರೆ. ಆ ದೋಷ ಮತ್ತೆ ತಲೆಯೆತ್ತಿದರೆ ಪರೀಕ್ಷೆಯೇ ಹಿಡಿದುಕೊಡುತ್ತದೆ.

ವಿದ್ಯಾರ್ಥಿ ಮಿತ್ರರೇ, ತಪ್ಪಿದ ಲೆಕ್ಕವನ್ನು ಅಳಿಸಿ ಪಕ್ಕದವರ ಉತ್ತರವನ್ನು ಬರೆದುಕೊಳ್ಳುವುದು ಸೊನ್ನೆ ಬರೆದು ಪಾರಾದಂತೆಯೇ. ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹುಡುಕಿರಿ; ಅಂಥದೇ ಇನ್ನೊಂದು ಲೆಕ್ಕವನ್ನು ನೀವೇ ಮಾಡಿ ನೋಡಿರಿ.

ಪಾಲಕರಲ್ಲಿಯೂ ಒಂದು ಬಿನ್ನಹ. ಗಣಕಯಂತ್ರದ ವಿದ್ಯೆ ಇಂಗ್ಲಿಷ್ ಮಾಧ್ಯಮದವರ ಸ್ವತ್ತೆಂಬ ಅಂಜಿಕೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಅವರು 2002ರಲ್ಲಿ ಈ ವಿಷಯದ ಕೈಪಿಡಿಯನ್ನು ಸಂಪಾದಿಸಿ ಕೊಟ್ಟದ್ದು ಇಂಗ್ಲಿಷಿನಲ್ಲಿ, ನಿಜ. ಅದನ್ನು ಓದಲು ಇಂಗ್ಲಿಷ್ ಕಲಿಯಲೇಬೇಕು, ಕಲಿಸುತ್ತಲೂ ಇದ್ದೇವೆ. ಆದರೆ ಸೊನ್ನೆಯಿಂದ ಭಾಗಿಸಲಾಗದೇಕೆ ಎಂಬುದನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಅರಿತಿದ್ದಾರೆ. ಆದ್ದರಿಂದ ಅಂಕಪಟ್ಟಿ ಕೈಗೆ ಬಂದಾಗ ಎಷ್ಟು ಅಂಕವೆಂದಷ್ಟೇ ಕೇಳದೆ, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದೂ ಮಕ್ಕಳನ್ನು ವಿಚಾರಿಸಿರೆಂದು ನಾವು ಕೋರುತ್ತೇವೆ.