ಆಕಾಶದ ಕೊಸರು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ. ದೆಹಲಿಗೆ ಹೊರಟವರೆಲ್ಲ ಎದ್ದು ಸಾಲು ಹಿಡಿದಿದ್ದಾರೆ. ಅಷ್ಟರಲ್ಲಿ ಕರೆ ಬರುತ್ತದೆ: ಇಂಥಿಂಥ ಕಾರ್ಡ್ ಇರುವವರು ಮೊದಲು ಬರಬೇಕು. ಅರ್ಧ ಗಂಟೆಯಿಂದ ನಿಂತವರು ನಿಂತೇ ಇರುತ್ತಾರೆ. ಈಗಷ್ಟೇ ಬಂದ ನಾಲ್ಕಾರು ಮಂದಿ ಪಕ್ಕದ ಹಾದಿಯಲ್ಲಿ ಸಲೀಸಾಗಿ ಒಳಗೆ ಹೋಗುತ್ತಾರೆ. ಮೊದಲ ಸಲ ವಿಮಾನ ಹತ್ತುತ್ತಿರುವ ಹುಡುಗಿ ಕೇಳುತ್ತಾಳೆ: “ಅಪ್ಪಾ, ಅವರೇನು ಮಂತ್ರಿಗಳಾ?”

ಮಂತ್ರಿಗಳಲ್ಲ. ಅವರಲ್ಲಿ ಅನೇಕರ ಟಿಕೆಟ್ಟೂ ಉಳಿದವರಂತೆ ಅಗ್ಗದ ದರ್ಜೆಯದೇ. ವ್ಯತ್ಯಾಸ ಇಷ್ಟೇ: ಅವರು ಅದೇ ಕಂಪನಿಯ ವಿಮಾನದಲ್ಲಿ ಪದೇ ಪದೇ ಹಾರಿದವರು. ಆ ನಿಷ್ಠೆಗೆ ಕಂಪನಿ ಕೊಟ್ಟ ಅಂತಸ್ತು ಅವರ ಜೇಬಿನಲ್ಲಿದೆ. ಈ ಅಂತಸ್ತಿನ ಬೆಲೆ ಎಷ್ಟು? ಅದಕ್ಕಾಗಿ ಹಣ, ಸಮಯ ಸುರಿಯುವುದು ಜಾಣತನವೇ?

ಸಂತೆಯಲ್ಲಿ ಸೊಪ್ಪು ಕೊಂಡವರು “ಸ್ವಲ್ಪ ಕೊಸರು ಹಾಕಮ್ಮ” ಎನ್ನುತ್ತಾರೆ. ಸೊಪ್ಪಿನಾಕೆ ನಾಲ್ಕು ಎಳೆ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಸೇರಿಸಿ ಕೊಡುತ್ತಾಳೆ. ಮುಂದಿನ ವಾರವೂ ಗಿರಾಕಿ ಅವಳ ಮುಂದೆಯೇ ನಿಲ್ಲುತ್ತಾನೆ. ವಿಮಾನ ಕಂಪನಿಗಳು ಮಾಡಿದ್ದೂ ಇದನ್ನೇ.

ಅಮೆರಿಕದಲ್ಲಿ 1978ರವರೆಗೆ ಒಳನಾಡಿನ ವಿಮಾನಗಳ ದರವನ್ನೂ ದಾರಿಯನ್ನೂ ನಿಯಂತ್ರಿಸುತ್ತಿದ್ದುದು ಸರ್ಕಾರ. ಆ ವರ್ಷದ ಹೊಸ ಕಾನೂನಿನಿಂದ ಹಿಡಿತ ಸಡಿಲಾಯಿತು. ಕಂಪನಿಗಳ ನಡುವೆ ದರದ ಪೈಪೋಟಿ ಹುಟ್ಟಿತು. ಎಲ್ಲರ ಸೀಟೂ ಒಂದೇ ಬಗೆಯದಾದರೆ ಗಿರಾಕಿ ಅಗ್ಗದ ಕಡೆಗೇ ಹೋಗುತ್ತಾನಲ್ಲ? ಅವನನ್ನು ಕಟ್ಟಿಹಾಕಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಿನಲ್ಲಿ ಮೈಲಿ ಲೆಕ್ಕದ ಯೋಜನೆ ಆರಂಭಿಸಿತು. ಹಾರಿದಷ್ಟೂ ಮೈಲಿ ಜಮಾ, ಸಾಕಷ್ಟು ಜಮಾ ಆದರೆ ಪುಕ್ಕಟೆ ಟಿಕೆಟ್. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ಇದೇ ದಾರಿ ಹಿಡಿಯಿತು. ಈಗ ಇಂಥ ಯೋಜನೆ ಇಲ್ಲದ ದೊಡ್ಡ ಕಂಪನಿಗಳು ಅಪರೂಪ.

ಎರಡು ಖಾತೆಗಳು

ಇಲ್ಲಿ ಬಹಳ ಮಂದಿ ಗೊಂದಲ ಮಾಡಿಕೊಳ್ಳುತ್ತಾರೆ. ಪ್ರಯಾಣಿಕನ ಹೆಸರಿನಲ್ಲಿ ಇರುವುದು ಒಂದಲ್ಲ, ಎರಡು ಖಾತೆ. ಮೊದಲನೆಯದು ಪಾಯಿಂಟುಗಳದು. ಇದು ಉಳಿತಾಯ ಖಾತೆಯ ಹಾಗೆ. ಕೂಡಿಟ್ಟದ್ದನ್ನು ಕೊಟ್ಟು ಟಿಕೆಟ್ ಪಡೆಯಬಹುದು. ಎರಡನೆಯದು ಅಂತಸ್ತಿನದು: ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಮೆಟ್ಟಿಲುಗಳು. ಇದು ಶಾಲೆಯ ರ್‍ಯಾಂಕಿನ ಹಾಗೆ. ಸಾಮಾನ್ಯವಾಗಿ ಒಂದು ವರ್ಷದ ಹಾರಾಟ ಅಥವಾ ಖರ್ಚನ್ನು ನೋಡಿ ಕೊಡುತ್ತಾರೆ. ಮರುವರ್ಷ ಅಷ್ಟು ಆಗದಿದ್ದರೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಾರೆ.

ಮೇಲಿನ ಮೆಟ್ಟಿಲಲ್ಲಿ ಏನು ಸಿಗುತ್ತದೆ? ಸ್ಟಾರ್ ಅಲಯನ್ಸ್ ಎಂಬ ಕೂಟವನ್ನು ನೋಡಿ. ಐದು ಕಂಪನಿಗಳು ಸೇರಿ 1997ರಲ್ಲಿ ಕಟ್ಟಿದ ಕೂಟ ಇದು. ಏರ್ ಇಂಡಿಯಾ 2014ರಲ್ಲಿ ಸೇರಿತು. ಇದರ ಚಿನ್ನದ ಅಂತಸ್ತಿನವರು ಕೂಟದ ಯಾವ ಕಂಪನಿಯ ವಿಮಾನ ಹತ್ತಿದರೂ ಚೆಕ್-ಇನ್‌ಗೆ ಬೇರೆ ಸಾಲು, ಕಾಯಲು ಲೌಂಜು, ಮೊದಲು ಹತ್ತುವ ಅವಕಾಶ. ತೂಕದ ಲೆಕ್ಕವಿರುವ ಕಡೆ 20 ಕಿಲೋ ಹೆಚ್ಚು ಲಗೇಜು, ಪೆಟ್ಟಿಗೆಯ ಲೆಕ್ಕವಿರುವ ಕಡೆ ಇನ್ನೊಂದು ಪೆಟ್ಟಿಗೆ. ತುತ್ತತುದಿಯ ವೈಭವ ಇನ್ನೂ ಹೆಚ್ಚು. ಜರ್ಮನಿಯ ಲುಫ್ತಾನ್ಸಾದ ಅತ್ಯುನ್ನತ ಅಂತಸ್ತಿನವರಿಗೆ ಫ್ರಾಂಕ್‌ಫರ್ಟ್‌ನಲ್ಲಿ 2004ರಲ್ಲಿ ತೆರೆದ ಪ್ರತ್ಯೇಕ ಟರ್ಮಿನಲ್ಲಿಗೆ ಪ್ರವೇಶವಿದೆ. ಅಲ್ಲಿಂದ ವಿಮಾನದ ಬುಡದವರೆಗೆ ಕಾರಿನಲ್ಲಿ ಬಿಟ್ಟುಬರುತ್ತಾರೆ.

ಆದರೆ ಅನುಭವಿ ಪ್ರಯಾಣಿಕರು ಕಾರು, ಕಾಫಿಗಿಂತ ಹೆಚ್ಚು ಬೆಲೆ ಕೊಡುವುದು ಇನ್ನೊಂದಕ್ಕೆ. ಮಂಜು ಮುಸುಕಿ ವಿಮಾನ ರದ್ದಾದ ರಾತ್ರಿ ಇನ್ನೂರು ಜನ ಒಂದೇ ಕೌಂಟರಿನ ಮುಂದೆ ನಿಂತಿರುವಾಗ, ಅಂತಸ್ತು ಉಳ್ಳವರಿಗೆ ಬೇರೆ ಕೌಂಟರ್ ಅಥವಾ ಬೇರೆ ಫೋನ್ ಇರುತ್ತದೆ. ಮುಂದಿನ ವಿಮಾನದ ಕಾಯುವ ಪಟ್ಟಿಯಲ್ಲಿ ಅವರ ಹೆಸರು ಮೇಲಿರುತ್ತದೆ. ಕಚೇರಿಯ ಖರ್ಚಿನಲ್ಲಿ ವಾರ ವಾರ ಹಾರುವವರಿಗೆ ಈ ಸೌಲಭ್ಯ ನಿಜಕ್ಕೂ ಬಂಗಾರ.

ಒಂದು ಮನೆಯ ಲೆಕ್ಕ

ಉಳಿದವರಿಗೆ? ಒಂದು ಮನೆಯ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಅಪ್ಪನಿಗೆ ಡಿಸೆಂಬರಿನಲ್ಲಿ ಚಿನ್ನದ ಕಾರ್ಡು ಉಳಿಸಿಕೊಳ್ಳಲು ಸ್ವಲ್ಪವೇ ಕಡಿಮೆ ಬಿದ್ದಿದೆ. ಕೆಲಸವಿಲ್ಲದಿದ್ದರೂ ಎರಡು ಭಾನುವಾರ ದೆಹಲಿಗೆ ಹೋಗಿ ಬಂದರೆ ಸಾಕು. ಖರ್ಚು 24,000 ರೂಪಾಯಿ. ಮರುವರ್ಷ ಅವರು ಹಾರುವುದು ಆರು ಸಲ. ಲೌಂಜಿನ ತಿಂಡಿ-ಕಾಫಿಗೆ ಸಲಕ್ಕೆ 400ರಂತೆ 2,400. ಸೀಟು ಆಯ್ಕೆಗೆ 500ರಂತೆ 3,000. ಹೆಚ್ಚು ಲಗೇಜು ಒಂದು ಸಲ ಬೇಕಾದರೆ 3,000. ಒಟ್ಟು 8,400. ಕೈಬಿಟ್ಟದ್ದು 15,600 ರೂಪಾಯಿ ಮತ್ತು ಎರಡು ಭಾನುವಾರ.

ಇಲ್ಲಿ ಒಂದು ನಿಯಮ ನೆನಪಿಡಬೇಕು. ಸೌಲಭ್ಯಕ್ಕೆ ಕಂಪನಿ ಹೇಳುವ ಬೆಲೆ ಹಾಕಬಾರದು. ಕಾರ್ಡು ಇಲ್ಲದಿದ್ದರೆ ನಾವೇ ಜೇಬಿನಿಂದ ಎಷ್ಟು ಕೊಡುತ್ತಿದ್ದೆವೋ ಅಷ್ಟನ್ನೇ ಹಾಕಬೇಕು. ಲೌಂಜಿನ ಪ್ರವೇಶ ಈಗ ಹಲವು ಬ್ಯಾಂಕ್ ಕಾರ್ಡುಗಳಲ್ಲೂ ಸಿಗುವುದರಿಂದ ಅದರ ಬೆಲೆ ಮತ್ತೂ ಇಳಿದಿದೆ.

ಲೆಕ್ಕ ಬಲ್ಲವನು ಕಂಪನಿಯನ್ನೇ ಸೋಲಿಸಿದ ಪ್ರಸಂಗವೂ ಉಂಟು. 1999ರಲ್ಲಿ ಅಮೆರಿಕದ ಆಹಾರ ಕಂಪನಿಯೊಂದು ತನ್ನ ಪದಾರ್ಥಗಳ 10 ಲೇಬಲ್ ಕಳಿಸಿದವರಿಗೆ 500 ಮೈಲಿ, ಬೇಗ ಕಳಿಸಿದರೆ 1,000 ಮೈಲಿ ಎಂದು ಸಾರಿತು. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಅಂಗಡಿ ಅಂಗಡಿ ಸುತ್ತಿ, ತಲಾ 25 ಸೆಂಟಿನ 12,150 ಪುಡ್ಡಿಂಗ್ ಡಬ್ಬಿ ಕೊಂಡ. ಖರ್ಚು ಸುಮಾರು 3,000 ಡಾಲರ್, ಸಿಕ್ಕಿದ್ದು 12 ಲಕ್ಷಕ್ಕೂ ಹೆಚ್ಚು ಮೈಲಿ. ಪುಡ್ಡಿಂಗನ್ನು ಒಂದು ಸೇವಾಸಂಸ್ಥೆಗೆ ದಾನ ಕೊಟ್ಟ. ಲೇಬಲ್ ಕಿತ್ತುಕೊಟ್ಟವರು ಅಲ್ಲಿನ ಸ್ವಯಂಸೇವಕರು! 10 ಲಕ್ಷ ದಾಟಿದ್ದರಿಂದ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಜೀವನಪರ್ಯಂತ ಚಿನ್ನದ ಅಂತಸ್ತೂ ದಕ್ಕಿತು. ಇಂಥ ಗೆಲುವು ಅಪರೂಪ. ಅಂಗಡಿ ಅವರದು, ತಕ್ಕಡಿಯೂ ಅವರದೇ.

ತಕ್ಕಡಿ ಹೇಗೆ ವಾಲುತ್ತದೆ ನೋಡಿ. ಅಮೆರಿಕದ ಡೆಲ್ಟಾ ಕಂಪನಿಯಲ್ಲಿ ವಜ್ರದ ಅಂತಸ್ತಿಗೆ ಮೈಲಿಗಳ ಜತೆಗೆ ವರ್ಷಕ್ಕೆ 20,000 ಡಾಲರ್ ಖರ್ಚು ತೋರಿಸಬೇಕಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಲಿ ಲೆಕ್ಕವನ್ನೇ ಕೈಬಿಟ್ಟು, 35,000 ಡಾಲರ್ ಖರ್ಚು ಬೇಕು ಎಂದರು. ಗಿರಾಕಿಗಳು ಗಲಾಟೆ ಎಬ್ಬಿಸಿದ ಮೇಲೆ ಮರುತಿಂಗಳು 28,000ಕ್ಕೆ ಇಳಿಸಿದರು. ಅಪ್ಪಟ ಸಂತೆ ಚೌಕಾಶಿ! ಏರ್ ಇಂಡಿಯಾ ಕೂಡ 2024ರಲ್ಲಿ ದೂರದ ಲೆಕ್ಕ ಬಿಟ್ಟು ಖರ್ಚಿನ ಲೆಕ್ಕಕ್ಕೆ ಹೊರಳಿತು.

ಕಂಪನಿಗೆ ಇದರಿಂದ ಎಷ್ಟು ಲಾಭ? ಕೋವಿಡ್ ಕಾಲದಲ್ಲಿ ಗುಟ್ಟು ಹೊರಬಿತ್ತು. 2020ರಲ್ಲಿ ಯುನೈಟೆಡ್ ಕಂಪನಿ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಆಗ ಆ ಯೋಜನೆಗೆ ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್. ಷೇರುಪೇಟೆಯಲ್ಲಿ ಇಡೀ ಕಂಪನಿಯ ಬೆಲೆ ಅದಕ್ಕಿಂತ ತೀರ ಕಡಿಮೆಯಿತ್ತು. ಬ್ಯಾಂಕುಗಳು ಕಾರ್ಡುದಾರರಿಗೆ ಹಂಚಲು ಮೈಲಿಗಳನ್ನು ಹಣ ಕೊಟ್ಟು ಕೊಳ್ಳುತ್ತವೆ. ವರಮಾನ ಬರುವುದು ಅಲ್ಲಿಂದ. ಸೊಪ್ಪಿಗಿಂತ ಕೊಸರೇ ದುಬಾರಿಯಾದಂತೆ!

ಅಂಗಡಿ ಮುಚ್ಚಿದರೆ? ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಶರ್ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು; ಅದರ ಕಿಂಗ್ ಕ್ಲಬ್ ಕಾರ್ಡು ಬರೀ ಪ್ಲಾಸ್ಟಿಕ್ ತುಂಡಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ, ಯೋಜನೆ ಬೇರೆ ಕಂಪನಿಯ ಕೈಯಲ್ಲಿದ್ದುದರಿಂದ ಪಾಯಿಂಟುಗಳು ಉಳಿದವು. ಆದರೆ ಪ್ಲಾಟಿನಂ ಕಾರ್ಡು ಹಿಡಿದು ಮೊದಲು ಹತ್ತಲು ಜೆಟ್ ವಿಮಾನವೇ ಇರಲಿಲ್ಲ.

ಕಾಣದ ಖರ್ಚು

ಇನ್ನೊಂದು ಖರ್ಚು ಯಾವ ರಸೀದಿಯಲ್ಲೂ ಬರುವುದಿಲ್ಲ. ಯುನೈಟೆಡ್ ಕಂಪನಿಯಲ್ಲಿ 10 ಲಕ್ಷ ಮೈಲಿ ಹಾರಿದವರಿಗೆ ಜೀವನಪರ್ಯಂತ ಚಿನ್ನದ ಅಂತಸ್ತು. ವಿದ್ಯಾರ್ಥಿಗಳೇ, ಲೆಕ್ಕ ಮಾಡಿ. ವಿಮಾನದ ವೇಗ ಗಂಟೆಗೆ ಸುಮಾರು 500 ಮೈಲಿ. 10 ಲಕ್ಷ ಮೈಲಿಗೆ 2,000 ಗಂಟೆ. ಅಂದರೆ 83 ದಿನ, ಹಗಲೂ ರಾತ್ರಿ, ಬೆಲ್ಟು ಬಿಗಿದುಕೊಂಡು ಕುಳಿತಂತೆ. ನಿಲ್ದಾಣದಲ್ಲಿ ಕಾದದ್ದು, ಪರಊರಿನ ಹೋಟೆಲಿನಲ್ಲಿ ಮಲಗಿದ್ದು ಇದರಲ್ಲಿ ಸೇರಿಲ್ಲ. ಆ ಕಾಲದಲ್ಲಿ ಮನೆಯಲ್ಲಿ ಯಾರದೋ ಹುಟ್ಟುಹಬ್ಬ, ಯಾರದೋ ಪರೀಕ್ಷೆ, ಯಾರದೋ ಜ್ವರ ಕಳೆದುಹೋಗಿರುತ್ತದೆ. ಕೆಲಸಕ್ಕಾಗಿ ಹಾರುವವರಿಗೆ ಇದು ಅನಿವಾರ್ಯ. ಬರೀ ಕಾರ್ಡಿಗಾಗಿ ಹಾರುವವರು ಮಾತ್ರ ಯೋಚಿಸಬೇಕು.

ಹಾಗಾದರೆ ಈ ಯೋಜನೆಗಳಿಂದ ದೂರ ಇರಬೇಕೆ? ಬೇಡ. ಸದಸ್ಯತ್ವ ಸಾಮಾನ್ಯವಾಗಿ ಪುಕ್ಕಟೆ. ವಿದೇಶಕ್ಕೆ ಓದಲು ಹೊರಟ ಮಕ್ಕಳು ಮೊದಲ ಟಿಕೆಟ್ಟಿಗೇ ಸದಸ್ಯರಾಗಲಿ. ಒಂದೇ ಕೂಟದಲ್ಲಿ ಪಾಯಿಂಟು ಕೂಡಿಸಲಿ, ಅದರ ಅವಧಿ ಮುಗಿಯುವ ದಿನ ಬರೆದಿಟ್ಟುಕೊಳ್ಳಲಿ. ವಿದ್ಯಾರ್ಥಿಗಳಿಗೆ ಹೆಚ್ಚು ಲಗೇಜು ಬಿಡುವ ಕಂಪನಿಗಳಿವೆ. ಅದಕ್ಕೆ ಚಿನ್ನದ ಕಾರ್ಡು ಬೇಕಿಲ್ಲ. ಪಾಯಿಂಟಿನ ಆಸೆಗೆ ದುಬಾರಿ ಟಿಕೆಟ್ ಮಾತ್ರ ಕೊಳ್ಳಬಾರದು.

ಅಪ್ಪಂದಿರು ಒಂದು ಮಾತು ಗಮನಿಸಬೇಕು. ಅಂತಸ್ತು ಇರುವುದು ಕಾರ್ಡಿನ ಮೇಲೆ ಹೆಸರಿದ್ದವರಿಗೆ. ಮಗಳು ಒಬ್ಬಳೇ ಹೊರಟಾಗ ಅಪ್ಪನ ಚಿನ್ನ ಅವಳ ಪೆಟ್ಟಿಗೆಗೆ ಒಂದು ಕಿಲೋವನ್ನೂ ಸೇರಿಸದು. ಅವಳು ಎಲ್ಲರ ಜತೆ ಸಾಲಿನಲ್ಲೇ ನಿಲ್ಲಬೇಕು. ಆದರೆ ಪಾಯಿಂಟುಗಳಿಂದ ಅವಳಿಗೆ ಟಿಕೆಟ್ ತೆಗೆಯಲು ಹೆಚ್ಚಿನ ಕಂಪನಿಗಳು ಬಿಡುತ್ತವೆ. ವರ್ಷಗಟ್ಟಲೆ ಮನೆಬಿಟ್ಟು ಹಾರಿ ಕೂಡಿಸಿದ್ದು, ಒಂದು ದೀಪಾವಳಿಗೆ ಮಗಳನ್ನು ಮನೆಗೆ ಕರೆತಂದರೆ ಅದಕ್ಕಿಂತ ಒಳ್ಳೆಯ ಬಳಕೆ ಇನ್ನೇನಿದೆ?

ಕೊಸರು ಕೊಟ್ಟರೆ ಸಂತೋಷದಿಂದ ಚೀಲಕ್ಕೆ ಹಾಕಿಕೊಳ್ಳಬೇಕು. ಕೊಸರಿಗಾಗಿ ಬೇಡದ ಸೊಪ್ಪು ಕೊಳ್ಳಬಾರದು.